ಹಳೇ ಅಕಾರ್ಡ್ ತೆಗೆದುಕೊಳ್ಳಲಾ, ಸೂಪರ್ಬ್ ತೆಗೆದುಕೊಳ್ಳಲಾ?

ದಾವಣಗೆರೆ_ಪಯಣಿಗ: ಕೈಯಲ್ಲಿರುವುದು 5 ಲಕ್ಷ, ರಿಪೇರಿ ಖರ್ಚೂ ಅದರಲ್ಲೇ ಆಗಬೇಕು. ಅಪ್ಪನಿಗೆ ಮಂಡಿ ನೋವು, ಹಿಂದೆ ಕಾಲು ಚಾಚಿ ಕೂರುವಂಥ ಸೆಡಾನ್ ಬೇಕು. ಮೂರು ನೋಡಿದ್ದೇನೆ: 2012ರ ಹೋಂಡಾ ಅಕಾರ್ಡ್ 2.4 ಆಟೋಮ್ಯಾಟಿಕ್, ಸ್ಕೋಡಾ ಸೂಪರ್ಬ್ 1.8 ಪೆಟ್ರೋಲ್ ಆಟೋಮ್ಯಾಟಿಕ್, ದೆಹಲಿ ನಂಬರಿನ ಡೀಸೆಲ್ ಸೂಪರ್ಬ್. ಕೊನೆಯದು ತುಂಬಾ ಅಗ್ಗ. ತಿಂಗಳಿಗೆ 500 ಕಿ.ಮೀ. ಓಡಿದರೆ ಜಾಸ್ತಿ.

ಗ್ರೀಸ್_ಕೈ: ಅಷ್ಟು ಕಡಿಮೆ ಓಡಾಟಕ್ಕೆ ಡೀಸೆಲ್ ಯಾಕೆ ಮಾರಾಯರೇ? ಸೂಪರ್ಬ್ ಹಿಂದಿನ ಸೀಟು ಅರಮನೆ, ಒಪ್ಪುತ್ತೇನೆ. ಆದರೆ 1.8ರಲ್ಲಿರುವುದು 7 ಸ್ಪೀಡ್ ಡ್ರೈ ಕ್ಲಚ್ ಡಿಎಸ್‌ಜಿ, ಅಂದರೆ ಆಯಿಲ್‌ನಲ್ಲಿ ಮುಳುಗಿರದ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತದೆ. ಅದರ ಗೇರ್ ಬದಲಿಸುವ ಕಂಟ್ರೋಲ್ ಯೂನಿಟ್, ಮೆಕಾಟ್ರಾನಿಕ್ಸ್, ಹೋದರೆ ಬಿಲ್ಲು ಲಕ್ಷ ದಾಟಬಹುದು. ಅಕಾರ್ಡಿನದು ಹಳೇ ಕಾಲದ 5 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಆಯಿಲ್ ಮೂಲಕ ಶಕ್ತಿ ದಾಟಿಸುವಂಥದ್ದು. ಇಂಜಿನ್ನಿಗೆ ಟೈಮಿಂಗ್ ಚೈನ್, ಬೆಲ್ಟಿನ ಹಾಗೆ ಆಗಾಗ ಬದಲಿಸುವ ಗೋಜಿಲ್ಲ. ಗೇರ್ ಆಯಿಲ್ ಸರಿಯಾಗಿ ಬದಲಿಸಿದ್ದರೆ ಸುಮ್ನೆ ಓಡುತ್ತದೆ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೆ ಕೆಲವು ದೋಷ ಗೊತ್ತಾಗುವುದಿಲ್ಲ. ಡಿ ಹಾಕಿ ಬ್ರೇಕ್ ಹಿಡಿದಾಗ ನಡುಗಿದರೆ ಇಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟ್ ನೋಡಿಸಿ. ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ, ಬುಡದಲ್ಲಿ ಕೆಸರಿನ ಕಲೆಯಿದ್ದರೆ ಅದು ನೀರಲ್ಲಿ ಮುಳುಗಿದ ಗಾಡಿ ಇರಬಹುದು.

ಆರ್‌ಟಿಒ_ಅಲೆದವ: ದೆಹಲಿ ಗಾಡಿ ಬೇಡ. ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ನಿರ್ಬಂಧ ಬಂದಿದ್ದಕ್ಕೇ ಆ ರೇಟು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅಂದಹಾಗೆ, ಆರ್‌ಸಿ (ನೋಂದಣಿ) 15 ವರ್ಷಕ್ಕೆ, ಹಾಗಾಗಿ 2012ರ ಗಾಡಿಯದು 2027ಕ್ಕೆ ಮುಗಿಯುತ್ತದೆ, ನವೀಕರಿಸಬೇಕಾಗುತ್ತದೆ. ಅದನ್ನು ಹೇಳಿಯೇ ಚೌಕಾಸಿ ಮಾಡಿ.

ದಾವಣಗೆರೆ_ಪಯಣಿಗ: ಹಾಗಾದರೆ ಅಕಾರ್ಡೇ. ಭಾನುವಾರ ಬೆಳಿಗ್ಗೆ ಹೋಗುತ್ತೇನೆ, ಮಾಲೀಕರಿಗೆ ಗಾಡಿ ಮೊದಲೇ ಸ್ಟಾರ್ಟ್ ಮಾಡಬೇಡಿ ಅಂದಿದ್ದೇನೆ.