ಅಜಾಗರೂಕ ಚಾಲನೆಯ ಮೊದಲ ನೋಟಿಸ್: ತುಮಕೂರಿನವರ ಅನುಭವಗಳು

ಪ್ರಶ್ನೆ: ನನಗೆ 22 ವರ್ಷ. ಕಳೆದ ವಾರ ಬಟವಾಡಿ ಬಳಿ ತಡವಾಯಿತೆಂದು ಸರ್ವೀಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಸ್ಕೂಟರ್ ಓಡಿಸಿದೆ. ಸಂಚಾರ ಪೊಲೀಸರು ತಡೆದು ಅಜಾಗರೂಕ ಚಾಲನೆಯ ನೋಟಿಸ್ ಕೊಟ್ಟರು. ಪರವಾನಗಿ ಪಡೆದುಕೊಂಡು ಚೀಟಿ ಬರೆದುಕೊಟ್ಟಿದ್ದಾರೆ. ದಂಡ ಕಟ್ಟುತ್ತೇನೆಂದರೂ ನ್ಯಾಯಾಲಯಕ್ಕೇ ಹೋಗಬೇಕು ಎಂದರು. ಯಾರಿಗೂ ಪೆಟ್ಟಾಗಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಕ್ಯಾತ್ಸಂದ್ರದಿಂದ ಒಬ್ಬರು: ತಂಗಿ, ಮೊದಲು ಮನೆಯಲ್ಲಿ ಹೇಳಿಬಿಡು. ನಾನು ಮೂರು ವಾರ ಮುಚ್ಚಿಟ್ಟುಕೊಂಡು ನಿದ್ದೆಗೆಟ್ಟೆ. ಕೊನೆಗೆ ನ್ಯಾಯಾಲಯಕ್ಕೆ ಜೊತೆಯಲ್ಲಿ ಬಂದದ್ದು ಅಣ್ಣನೇ. ಇನ್ನೊಂದು ಮಾತು: ಪೊಲೀಸರು ಕೊಟ್ಟ ಚೀಟಿಯನ್ನು ತೋರಿಸಿ ಗಾಡಿ ಓಡಿಸಬಹುದೆಂದು ನಾನು ನಂಬಿದ್ದೆ. ಅದು ತಪ್ಪು. ಈ ಬಗೆಯ ಪ್ರಕರಣದಲ್ಲಿ ಪರವಾನಗಿ ವಾಪಸು ಬರುವವರೆಗೆ ಆ ಚೀಟಿಯ ಬಲದ ಮೇಲೆ ಓಡಿಸುವಂತಿಲ್ಲ. ಬಸ್ ಹತ್ತು. ಪರವಾನಗಿ ಆರ್‌ಟಿಒ ಕಚೇರಿಗೆ ಹೋಗುತ್ತದೆ. ಅಮಾನತು ಮಾಡುವ ಮೊದಲು ನಿನ್ನ ಮಾತು ಹೇಳಲು ಅವಕಾಶ ಕೊಡಬೇಕು. ಕರೆದ ದಿನ ತಪ್ಪಿಸಿಕೊಳ್ಳಬೇಡ.

ವಕೀಲರ ಕಚೇರಿಯ ಗುಮಾಸ್ತರೊಬ್ಬರು: ನೋಟಿಸಿನಲ್ಲಿ ಯಾವ ಸೆಕ್ಷನ್ ಬರೆದಿದೆ ಎಂದು ನೋಡಿಕೊಳ್ಳಮ್ಮ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮೋಟಾರು ವಾಹನ ಕಾಯ್ದೆಯ 184 ಆಗಿದ್ದರೆ, ಎದುರು ದಿಕ್ಕಿನ ಚಾಲನೆ, ಕೆಂಪು ದೀಪ ದಾಟುವುದು, ಚಾಲನೆಯಲ್ಲಿ ಮೊಬೈಲ್ ಹಿಡಿಯುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಚಾಲನೆ ಅಪಾಯಕಾರಿಯಾಗಿತ್ತೇ ಎಂಬುದೇ ಅಲ್ಲಿ ಮುಖ್ಯ, ಯಾರಿಗೂ ಪೆಟ್ಟಾಗಿಲ್ಲ ಎಂದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಇವುಗಳಲ್ಲಿ ಮೊಬೈಲ್ ಬಳಕೆಯೊಂದನ್ನು ಮಾತ್ರ ಪೊಲೀಸರ ಹಂತದಲ್ಲೇ ದಂಡ ಕಟ್ಟಿ ಮುಗಿಸಬಹುದು. ಅದಕ್ಕೇ ನಿನ್ನನ್ನು ನ್ಯಾಯಾಲಯಕ್ಕೆ ಕಳಿಸಿದ್ದು, ಅದರಲ್ಲಿ ಹಗೆತನವೇನೂ ಇಲ್ಲ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದ ಸೆರೆ, ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ದಂಡ 10,000, ಸೆರೆ ಎರಡು ವರ್ಷದವರೆಗೆ. ತಪ್ಪೊಪ್ಪಿಕೊಂಡರೆ ಅದು ಮೊದಲ ಅಪರಾಧವೆಂದು ದಾಖಲಾಗುತ್ತದೆ. ಆದ್ದರಿಂದ ಬೇಗ ಮುಗಿಯಲಿ ಎಂದು ತಲೆಯಾಡಿಸಬೇಡ, ವಕೀಲರನ್ನು ಕೇಳಿ ನಿರ್ಧರಿಸು. ಭಾರತೀಯ ನ್ಯಾಯ ಸಂಹಿತೆಯ 281 ಎಂದಿದ್ದರೆ ಅದು ದುಡುಕಿನ ಚಾಲನೆಯ ಸೆಕ್ಷನ್, ಹಿಂದಿನ ಐಪಿಸಿ (ಭಾರತೀಯ ದಂಡ ಸಂಹಿತೆ) 279. ಆಗಂತೂ ವಕೀಲರಿಲ್ಲದೆ ಹೋಗಲೇಬೇಡ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳು, ಇಲ್ಲವೇ 15100ಕ್ಕೆ ಕರೆ ಮಾಡು.

ಗುಬ್ಬಿ ಕಡೆಯ ಒಬ್ಬರು: ನಾನು ವಾಯಿದೆಗೆ ಹೋಗಲಿಲ್ಲ. ಸುಗ್ಗಿ ಕೆಲಸವಿತ್ತು, ಮರೆತೆ. ಮನೆಗೆ ವಾರಂಟ್ ಬಂದಾಗ ಅಮ್ಮ ಬಾಗಿಲಲ್ಲೇ ಕುಸಿದು ಕುಳಿತರು. ದಂಡಕ್ಕಿಂತ ಅದು ನನ್ನನ್ನು ಇಂದಿಗೂ ಸುಡುತ್ತದೆ. ಹಾಗೆಯೇ, ದಂಡ ಬಾಕಿ ಇದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲನ್ನು ತೆರೆಯಬೇಡಿ, ಅದು ಖಾತೆಯನ್ನೇ ಬರಿದು ಮಾಡುವ ವಂಚನೆ.

ಕೇಳಿದವಳು: ನೋಟಿಸ್ ತೆಗೆದು ನೋಡಿದೆ, 184 ಎಂದೇ ಇದೆ. ರಾತ್ರಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎದುರಿನಿಂದ ಮಗು ಬಂದಿದ್ದರೆ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ಇಬ್ಬರೂ ಪ್ರಾಧಿಕಾರದ ಕಚೇರಿಗೆ ಹೋಗುತ್ತೇವೆ.