ಎರೆ ಮಣ್ಣಿನ ಅಗೆತ: ಟಿಪ್ಪರ್ ಲೋಡಿನ ಲೆಕ್ಕ ಹೇಗೆ?

ಪ್ರಶ್ನೆ (ಸಿಂಧನೂರು): ಹಳೆಯ ಕಲ್ಲುಗೋಡೆಯ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳ ಅಗೆಯುವ ಕೆಲಸ ಒಪ್ಪಿಕೊಂಡಿದ್ದೇನೆ. ಮಣ್ಣಿನ ಸಾಗಣೆಗೆ ಎಷ್ಟು ಲೋಡು ಹಿಡಿಯಬೇಕು?

ಉತ್ತರ (ರಾಯಚೂರು): ಗುಂಡಿಯ ಅಳತೆ 200 ಘನ ಮೀಟರ್ ಆದರೂ, ಅಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲು ಭಾಗದಷ್ಟು ಹೆಚ್ಚುವುದರಿಂದ ಸಾಗಿಸಬೇಕಾದದ್ದು 250ರ ಆಸುಪಾಸು, ಅಂದರೆ 10 ಘನ ಮೀಟರ್ ಹಿಡಿಯುವ ಟಿಪ್ಪರಿಗೆ 25 ಲೋಡು. ಇದನ್ನು ಮರೆತು ದರ ಹೇಳಿ ನಾನೊಮ್ಮೆ ಡೀಸೆಲ್ ಹಣವನ್ನೇ ಕಳೆದುಕೊಂಡೆ.

ಉತ್ತರ (ಮಸ್ಕಿ): ಲೋಡಿಗಿಂತ ಮೊದಲು ಪಕ್ಕದ ಮನೆಯನ್ನು ನೋಡಿ. ಒಣಗಿದಾಗ ಬಿರಿದು ನೆನೆದಾಗ ಉಬ್ಬುವ ಎರೆಯಲ್ಲಿ, 1.5 ಮೀಟರ್ ದಾಟಿದ ಮೇಲೆ ಬದಿಗಳನ್ನು ಇಳಿಜಾರಾಗಿ ಕಡಿಯದೆ ಅಥವಾ ಆಸರೆ ಕೊಡದೆ ಆಳುಗಳನ್ನು ಇಳಿಸಲೇಬೇಡಿ.

ಪ್ರಶ್ನಿಸಿದವರು: ಪಕ್ಕದ ಗೋಡೆ ಅಂಟಿಕೊಂಡೇ ಇದೆ, ಆ ಬದಿಯ ಕಲ್ಲುಗಳನ್ನು ಯಂತ್ರ ಮುಟ್ಟಿಸದೆ ಕೈಯಿಂದಲೇ ಬಿಚ್ಚಿಸುತ್ತೇನೆ.