ಅಂಗಡಿ ಸುಟ್ಟ ಮೇಲೆ ಫೈರ್‌ನವರು "ಏನೂ ಮುಟ್ಟಬೇಡಿ" ಅಂದರು. ಯಾಕೆ?

ಮಂಡಿಪೇಟೆ ಅಕ್ಕ

ನನ್ನ ತಮ್ಮನದು ದಾವಣಗೆರೆಯಲ್ಲಿ ಗಾದಿ ಅಂಗಡಿ. ಮುಂದೆ ಹಾಸಿಗೆ, ದಿಂಬು, ಫೋಮ್ ಶೀಟು. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷಿನ್. ಮೊನ್ನೆ ರಾತ್ರಿ ಎರಡು ಗಂಟೆಗೆ ಬೆಂಕಿ ಹತ್ತಿಕೊಂಡಿತು. ಎದುರಿನ ಹೋಟೆಲಿನ ಹುಡುಗ ನೋಡಿ ಫೋನ್ ಮಾಡಿದ. ಫೈರ್ ಎಂಜಿನ್ ಬೇಗ ಬಂತು, ಅಕ್ಕಪಕ್ಕದ ಅಂಗಡಿಗಳಿಗೆ ಏನೂ ಆಗಲಿಲ್ಲ. ಅದಕ್ಕೆ ಅವರಿಗೆ ಕೈ ಮುಗಿಯುತ್ತೇನೆ.

ನನ್ನ ಪ್ರಶ್ನೆ ಆಮೇಲಿನದು. ಬೆಂಕಿ ಆರಿದ ಮೇಲೂ ನಮ್ಮನ್ನು ಒಳಗೆ ಬಿಡಲಿಲ್ಲ. ಅರ್ಧ ಸುಟ್ಟ ಹಾಸಿಗೆಗಳನ್ನಾದರೂ ತೆಗೆಯೋಣ ಅಂದರೆ ಬೇಡ ಅಂದರು. ತಾವೇ ಕತ್ತರಿಸಿದ ಬೀಗದ ಫೋಟೋ ತೆಗೆದುಕೊಂಡರು. ಶಟರ್ ಯಾರು ಹಾಕಿದ್ದು, ಬೀಗದ ಕೈ ಯಾರ ಹತ್ತಿರ ಇತ್ತು, ಮೇನ್ ಸ್ವಿಚ್ ಆಫ್ ಮಾಡಿದ್ದೆಯಾ ಅಂತ ತಮ್ಮನನ್ನು ಕೇಳಿದರು. ಬೆಳಿಗ್ಗೆ ಪೊಲೀಸರು ಬರುವ ತನಕ ಒಬ್ಬರು ಬಾಗಿಲಲ್ಲೇ ನಿಂತಿದ್ದರು.

ಈಗ ಓಣಿಯಲ್ಲೆಲ್ಲ ಗುಸುಗುಸು. ಇನ್ಶೂರೆನ್ಸ್ ದುಡ್ಡಿಗೆ ಇವನೇ ಹಚ್ಚಿರಬೇಕು ಅಂತ. ನೆಲ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಸುಟ್ಟಿದೆ, ಷೋಕೇಸ್ ಗಾಜು ಜೇಡರ ಬಲೆ ಥರ ಬಿರುಕು ಬಿಟ್ಟಿದೆ, ಇದು ಪೆಟ್ರೋಲ್ ಕೆಲಸವೇ ಅಂತ ಒಬ್ಬರು ನಮ್ಮೆದುರೇ ಹೇಳಿಬಿಟ್ಟರು. ತಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಫೈರ್‌ನವರಿಗೂ ಅವನ ಮೇಲೆ ಅನುಮಾನ ಇದೆಯಾ? ಗೊತ್ತಿದ್ದವರು ಹೇಳಿ.

ಹಳೇ ಫೈರ್‌ಮನ್, ಚಿತ್ರದುರ್ಗ

ತಂಗಿ, ಮೊದಲು ತಮ್ಮನಿಗೆ ಊಟ ಮಾಡಿಸಮ್ಮ. ಆ ಪ್ರಶ್ನೆಗಳನ್ನು ನಾವು ಎಲ್ಲರಿಗೂ ಕೇಳುತ್ತೇವೆ. ಯಜಮಾನನಿಗೆ, ವಾಚ್‌ಮನ್‌ಗೆ, ಮೊದಲು ನೋಡಿದವನಿಗೆ. ಆ ಹೋಟೆಲಿನ ಹುಡುಗನನ್ನೂ ಕೇಳಿರುತ್ತಾರೆ, ವಿಚಾರಿಸಿ ನೋಡು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಳ್ಳಕೆರೆ ಕಡೆ ಒಂದು ಶೇಂಗಾ ಹಿಂಡಿ ಗೋದಾಮು ಹೊತ್ತಿಕೊಂಡಿತ್ತು. ಆರಿಸಿದೆವು. ಆಮೇಲೆ ಹುರುಪಿನಲ್ಲಿ ಒಳಗಿದ್ದದ್ದನ್ನೆಲ್ಲ ಸಲಿಕೆಯಲ್ಲಿ ಎಳೆದು ರಸ್ತೆಗೆ ಸುರಿದೆವು. ಗೋಡೆಯಿಂದ ಒಂದು ವೈರು ಜೋತಾಡುತ್ತಿತ್ತು. ಕಾಲಿಗೆ ತೊಡರುತ್ತದೆ ಅಂತ ನಾನೇ ಕಿತ್ತು ಬಿಸಾಕಿದೆ. ನೆಲವನ್ನು ಹೋಸ್ ಹಿಡಿದು ಲಕಲಕ ತೊಳೆದೆವು. ಒಳ್ಳೆಯ ಕೆಲಸ ಮಾಡಿದೆವು ಅಂತಲೇ ಅಂದುಕೊಂಡಿದ್ದೆವು.

ಮೂರನೇ ದಿನ ತನಿಖೆಗೆ ಬಂದವರು ಕೇಳಿದರು: ಬೆಂಕಿ ಯಾವ ಮೂಲೆಯಿಂದ ಶುರುವಾಯಿತು? ಆ ವೈರು ಎಲ್ಲಿತ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ. ಯಜಮಾನ ಹಚ್ಚಿದ್ದ ಅಂತಲೂ ಗೊತ್ತಾಗಲಿಲ್ಲ, ಹಚ್ಚಿಲ್ಲ ಅಂತಲೂ ಗೊತ್ತಾಗಲಿಲ್ಲ. ಅನುಮಾನ ಮಾತ್ರ ಉಳಿಯಿತು. ಸಂತೆಯಲ್ಲಿ ಸಿಕ್ಕಾಗೆಲ್ಲ ಆ ಯಜಮಾನರೇ ಮೊದಲು ನಮಸ್ಕಾರ ಅನ್ನುತ್ತಿದ್ದರು. ನನಗೆ ತಲೆ ಎತ್ತಿ ನೋಡಲು ಆಗುತ್ತಿರಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಆ ವೈರು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅದಕ್ಕೇ ಹೇಳುತ್ತೇನೆ, ಮುಟ್ಟಬೇಡಿ ಅಂದವರು ನಿನ್ನ ತಮ್ಮನಿಗೆ ಉಪಕಾರ ಮಾಡಿದ್ದಾರೆ.

ಗಾಡಿ ಇಳಿಯುವಾಗಲೇ ನಮ್ಮ ಕಣ್ಣು ಕೆಲಸ ಶುರು ಮಾಡಬೇಕು. ಹೊಗೆ ಎಲ್ಲಿಂದ ಬರುತ್ತಿದೆ, ಶಟರ್ ಎಷ್ಟು ಎತ್ತರದಲ್ಲಿದೆ, ಹಿಂದಿನ ಬಾಗಿಲು ಒಳಗಿನಿಂದ ಹಾಕಿದೆಯಾ ಅಂತ. ಬಾಗಿಲು ಒಡೆದ ಮೇಲೆ ಅದು ಹೇಗಿತ್ತು ಅಂತ ಹೇಳಬಲ್ಲವರು ನಾವು ಮಾತ್ರ. ಬೀಗದ ಫೋಟೋ ತೆಗೆದದ್ದೂ ಅದಕ್ಕೇ. ನಾವು ಈಗ ಕತ್ತರಿಸಿದ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಬೆಂಕಿಗೆ ಮೊದಲೇ ಯಾರಾದರೂ ಕತ್ತರಿಸಿದ್ದರೆ ಆ ಮುಖದ ಮೇಲೂ ಮಸಿ ಕೂತಿರುತ್ತದೆ. ಬೀಗ ಕತ್ತರಿಸಿದ್ದು ನಾವೇ ಅಂತ ಬರೆದಿಡದಿದ್ದರೆ ನಾಳೆ ಅದೇ ಒಂದು ಕಥೆಯಾಗುತ್ತದೆ.

ಜೀವ ಉಳಿಸುವುದು ಮೊದಲು, ಬೆಂಕಿ ಆರಿಸುವುದು ಆಮೇಲೆ. ಅದಕ್ಕಾಗಿ ಏನು ಒಡೆಯಬೇಕಾದರೂ ಒಡೆಯುತ್ತೇವೆ. ಅದರಲ್ಲಿ ಎರಡು ಮಾತಿಲ್ಲ. ಕಷ್ಟ ಇರುವುದು ಜ್ವಾಲೆ ಇಳಿದ ಮೇಲೆ. ಹತ್ತಿ ಬಹಳ ಮೋಸದ ಸರಕು. ಮೇಲೆ ತಣ್ಣಗಿರುತ್ತದೆ, ಒಳಗೆ ಗಂಟೆಗಟ್ಟಲೆ ಕೆಂಡ ಇರುತ್ತದೆ. ಬಿಡಿಸಿ ನೀರು ಹಾಕದಿದ್ದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಬಿಡಿಸಲೇಬೇಕು. ಆದರೆ ಫೋಟೋ ತೆಗೆದು, ಪದರ ಪದರವಾಗಿ, ಇದ್ದ ಜಾಗದ ಹತ್ತಿರವೇ ಬಿಡಿಸಬೇಕು. ರಭಸದ ನೀರು ಬಿಟ್ಟರೆ ಬೂದಿಯ ಜೊತೆ ಕುರುಹೂ ಕೊಚ್ಚಿ ಹೋಗುತ್ತದೆ. ಅದಕ್ಕೆ ನೀರನ್ನು ತುಂತುರು ಮಾಡಿಕೊಳ್ಳುತ್ತೇವೆ.

ಸ್ವಿಚ್ ಬೋರ್ಡ್ ಮುಟ್ಟಬಾರದು. ಯಾವ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್) ಮೇಲಿದೆ, ಯಾವುದು ಬಿದ್ದಿದೆ ಅನ್ನುವುದೇ ಒಂದು ಸಾಕ್ಷಿ. ಬೆಸ್ಕಾಂನವರಿಗೆ ಹೇಳಿ ಕಂಬದಲ್ಲೇ ಕರೆಂಟ್ ತೆಗೆಸುವುದು ಒಳ್ಳೆಯದು. ಪೆಟ್ರೋಲ್‌ನಲ್ಲಿ ಓಡುವ ಕಟರ್, ಜನರೇಟರ್ ಇದ್ದರೆ ಎಣ್ಣೆ ತುಂಬುವುದು ದೂರದಲ್ಲಿ, ರಸ್ತೆಯಲ್ಲಿ. ನಮ್ಮದೇ ಎರಡು ಹನಿ ಒಳಗೆ ಬಿದ್ದರೆ ಲ್ಯಾಬಿನಲ್ಲಿ ಪೆಟ್ರೋಲ್ ಅಂತಲೇ ಬರುತ್ತದೆ. ಅದು ಯಾರ ಕೊರಳಿಗೆ ಸುತ್ತಿಕೊಳ್ಳುತ್ತದೆ ಹೇಳು?

ಬಾಗಿಲಲ್ಲಿ ನಿಂತವರ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಒಂದು ಗಂಟೆ ಯಾರೂ ಇಲ್ಲದಿದ್ದರೂ ಸಾಕು, ಆಗ ಏನೋ ತಂದಿಟ್ಟರು, ಏನೋ ಎತ್ತಿಕೊಂಡು ಹೋದರು ಅನ್ನಬಹುದು.

ಫೊರೆನ್ಸಿಕ್ ಓದುತ್ತಿರುವವನು

ಅಕ್ಕಾ, ನೆಲ ಮತ್ತು ಗಾಜಿನ ಬಗ್ಗೆ ನಾನು ಹೇಳುತ್ತೇನೆ. ಇವೆರಡೂ ಹಳೆಯ ತಪ್ಪು ನಂಬಿಕೆಗಳು.

ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು ಬಂದರೆ ಬೆಂಕಿ ದಿಢೀರನೆ ಏರಿದೆ, ಅಂದರೆ ಪೆಟ್ರೋಲ್ ಹಾಕಿದ್ದಾರೆ ಅಂತ ತನಿಖೆಯವರೇ ಬಹಳ ಕಾಲ ನಂಬಿದ್ದರು. 1991ರಲ್ಲಿ ಅಮೆರಿಕದ ಓಕ್ಲೆಂಡ್ ಗುಡ್ಡಗಳಲ್ಲಿ ಕಾಡ್ಗಿಚ್ಚಿಗೆ ಸಾವಿರಾರು ಮನೆ ಸುಟ್ಟವು. ಅಲ್ಲಿ ಯಾರೂ ಮನೆಯೊಳಗೆ ಪೆಟ್ರೋಲ್ ಸುರಿದಿರಲಿಲ್ಲ. ಆದರೂ ಕೆಲವು ಮನೆಗಳಲ್ಲಿ ಅಂಥದೇ ಗಾಜು ಸಿಕ್ಕಿತು. ಆಮೇಲೆ ಲ್ಯಾಬಿನಲ್ಲಿ ಗಾಜು ಕಾಯಿಸಿ ನೋಡಿದರು. ಎಷ್ಟು ಬೇಗ ಕಾಯಿಸಿದರೂ ಆ ಬಿರುಕು ಬರಲಿಲ್ಲ. ಬಿಸಿ ಗಾಜಿನ ಮೇಲೆ ನೀರು ಹಾಕಿದಾಗ ಬಂತು. ನಿಮ್ಮ ಷೋಕೇಸಿಗೂ ಹೋಸ್ ನೀರು ಬಿದ್ದಿದೆ ಅಲ್ವಾ?

ನೆಲದ ತೇಪೆಗೆ ಫೋಮ್ ಸಾಕು. ಅದು ಉರಿಯುವಾಗ ಕರಗಿ, ಉರಿಯುತ್ತಲೇ ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ನೆಲದಲ್ಲಿ ನಿಂತು ಅಲ್ಲೂ ಸುಡುತ್ತದೆ. ಕಣ್ಣಲ್ಲಿ ನೋಡಿ ಪೆಟ್ರೋಲ್ ಅನ್ನುವುದು ತಪ್ಪು. ಮಾದರಿ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅಂದರೆ ಆವಿಯಲ್ಲಿರುವ ಅಂಶಗಳನ್ನು ಬೇರ್ಪಡಿಸಿ ನೋಡುವ ಲ್ಯಾಬ್ ಪರೀಕ್ಷೆ ಮಾಡಬೇಕು. ಮಾದರಿಯನ್ನು ಗಾಳಿಯಾಡದ ಮುಚ್ಚಳದ ಹೊಸ ತಗಡಿನ ಡಬ್ಬಿಯಲ್ಲೋ ಗಾಜಿನ ಬಾಟಲಿಯಲ್ಲೋ ಇಡುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್ ಕವರಿನಿಂದ ಆವಿ ಹೊರಗೆ ಹೋಗಿಬಿಡುತ್ತದೆ. ಜೊತೆಗೆ ಸುಡದೆ ಉಳಿದ ಫೋಮ್, ರೆಕ್ಸಿನ್ ಚೂರೂ ಬೇಕು. ಅವು ಸುಟ್ಟಾಗಲೂ ಪೆಟ್ರೋಲಿಯಂನಂಥ ಕೆಲವು ಅಂಶ ಬರುತ್ತವೆ, ಹೋಲಿಸಿ ನೋಡಬೇಕು. ಅರ್ಧ ಸುಟ್ಟ ಹಾಸಿಗೆ ಬಿಸಾಕಬೇಡಿ ಅಂದಿದ್ದು ಎಷ್ಟು ಒಳ್ಳೆಯದಾಯಿತು ನೋಡಿ.

ಇನ್ನೊಂದು ಮಾತು. ಸರಕು ಇಡುವ ಕಟ್ಟಡಕ್ಕೆ ಬೇಕಂತಲೇ ಬೆಂಕಿ ಇಡುವುದು ಭಾರತೀಯ ನ್ಯಾಯ ಸಂಹಿತೆಯ 326ನೇ ಕಲಮಿನಲ್ಲಿ ಜೀವಾವಧಿವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಅದರ ಜೊತೆಗೇ 2024ರ ಜುಲೈ 1ರಿಂದ ಬಂದ ಇನ್ನೊಂದು ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧಗಳ ಜಾಗಕ್ಕೆ ಫೊರೆನ್ಸಿಕ್ ತಜ್ಞರು ಹೋಗಬೇಕು ಅಂತಿದೆ. ರಾಜ್ಯಗಳು ಇದನ್ನು ಜಾರಿಗೆ ತರಲು ಐದು ವರ್ಷದ ಅವಕಾಶ ಇದೆ. ದಾವಣಗೆರೆಯಲ್ಲೇ ಪ್ರಾದೇಶಿಕ ಲ್ಯಾಬ್ ಇದೆ. ತಜ್ಞರು ಬಂದು ನೋಡಲಿ ಅಂತ ನೀವೇ ಪೊಲೀಸರನ್ನು ಕೇಳಿಕೊಳ್ಳಿ.

ಮಂಡಿಪೇಟೆ ಅಕ್ಕ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತನ್ನು ತಮ್ಮನಿಗೆ ಓದಿ ಹೇಳಿದೆ, ಎದ್ದು ಕೂತ. ಆದರೆ ಈಗ ಒಂದು ಭಯ. ಮೊದಲ ದಿನವೇ ಅಮ್ಮ ಸುಮ್ನೆ ಇರಲಾರದೆ ಅಂಗಡಿ ಕಟ್ಟೆ ಮೇಲಿನ ಬೂದಿ ಗುಡಿಸಿ ಚೀಲಕ್ಕೆ ತುಂಬಿದ್ದಾರೆ. ಚೀಲ ಮನೆಯಲ್ಲೇ ಇದೆ. ಮಷಿನ್ ಆ ದಿನ ರಾತ್ರಿ ಎಂಟರವರೆಗೂ ಓಡಿತ್ತು. ಹತ್ತಿಯಲ್ಲಿ ಮೊಳೆ ಸಿಕ್ಕಿ ಕಿಡಿ ಹಾರಿತು, ಆರಿಸಿದೆ ಅಂತ ಕೆಲಸದ ಹುಡುಗ ಈಗ ಹೇಳುತ್ತಿದ್ದಾನೆ.

ಹಳೇ ಫೈರ್‌ಮನ್, ಚಿತ್ರದುರ್ಗ

ಚೀಲ ಬಿಸಾಕಬೇಡ, ತಿರುಗಿ ಅಂಗಡಿಗೂ ಸುರಿಯಬೇಡ. ಕಟ್ಟೆಯ ಯಾವ ಭಾಗದಿಂದ, ಎಷ್ಟು ಹೊತ್ತಿಗೆ ಗುಡಿಸಿದ್ದು ಅಂತ ಅಮ್ಮ ಇದ್ದದ್ದು ಇದ್ದ ಹಾಗೆ ಹೇಳಲಿ. ಮುಚ್ಚಿಟ್ಟರೆ ಮಾತ್ರ ತಪ್ಪಾಗುತ್ತದೆ.

ಆ ಹುಡುಗ ಹೇಳಿದ್ದು ಬಹಳ ಮುಖ್ಯ. ಎಂಟಕ್ಕೆ ಹಾರಿದ ಕಿಡಿ ಹತ್ತಿಯೊಳಗೆ ಕೂತು ಎರಡಕ್ಕೆ ಹೊತ್ತಿಕೊಳ್ಳಬಹುದು. ಅದೇ ಕಾರಣ ಅಂತ ನೋಡದೆ ನಾನು ಹೇಳಲಾರೆ. ವೈರಿನ ತುದಿಯಲ್ಲಿ ಕರಗಿ ಗಟ್ಟಿಯಾದ ತಾಮ್ರದ ಗುಂಡು ಸಿಕ್ಕರೂ ಶಾರ್ಟ್ ಸರ್ಕ್ಯೂಟಿನಿಂದಲೇ ಶುರುವಾಯಿತು ಅಂತ ಆಗುವುದಿಲ್ಲ. ಬೆಂಕಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿದ ಮೇಲೂ ಶಾರ್ಟ್ ಆಗುತ್ತದೆ. ಹುಡುಗನನ್ನು ಇವತ್ತೇ ಠಾಣೆಗೆ ಕರೆದುಕೊಂಡು ಹೋಗಿ ಹೇಳಿಸು. ಬೈಯಬೇಡಿ ಅವನಿಗೆ.

ಮಂಡಿಪೇಟೆ ಅಕ್ಕ

ಹೋಗಿ ಬಂದೆವು. ಹುಡುಗ ಅಳುತ್ತಲೇ ಎಲ್ಲ ಹೇಳಿದ, ಬರೆದುಕೊಂಡರು. ಸಂಜೆ ಲ್ಯಾಬಿನವರು ಬಂದು ಮಷಿನಿನ ಕೆಳಗಿನ ಹತ್ತಿಯನ್ನು ಪದರ ಪದರವಾಗಿ ಬಿಡಿಸಿ ನೋಡಿದರು. ಮೂರು ಡಬ್ಬಿ ತುಂಬಿ ಸೀಲ್ ಮಾಡಿದರು. ಅಮ್ಮನ ಚೀಲವನ್ನೂ ಬೇರೆ ನಂಬರ್ ಹಾಕಿ ತೆಗೆದುಕೊಂಡರು. ಮಹಜರಿಗೆ ತಮ್ಮನೇ ಮುಂದೆ ನಿಂತು ಎಲ್ಲೆಲ್ಲಿ ಏನಿತ್ತು ಅಂತ ತೋರಿಸಿದ. ವರದಿ ಬಂದ ಮೇಲೆ ಇಲ್ಲಿ ಬರೆಯುತ್ತೇನೆ.